ಟೆಕ್ಸಸ್: ಕೌಂಟಿಗೆ ಹೊಸ ಕ್ರಿಮಿನಲ್ ಕೋರ್ಟು ಬಂದರೆ ನಿಮ್ಮ ಕೇಸು ಎಲ್ಲಿ ಹೋಗುತ್ತದೆ?

ಟೆಕ್ಸಸ್‌ನಲ್ಲಿ ಕೇಸು ನಡೆಯುವುದು ಘಟನೆ ಆದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು), ನಿಮ್ಮ ಮನೆ ಇರುವ ಕೌಂಟಿಯಲ್ಲಲ್ಲ. ಫ್ರಿಸ್ಕೋ ಊರೇ ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಪೊಲೀಸರು ಯಾವ ರಸ್ತೆಯಲ್ಲಿ ಹಿಡಿದರು ಎನ್ನುವುದರ ಮೇಲೆ ಕಾಲಿನ್‌ನ ಕೋರ್ಟುಗಳಿರುವ ಮೆಕಿನ್ನಿಗೋ ಡೆಂಟನ್ ಪಟ್ಟಣಕ್ಕೋ ಅಲೆಯಬೇಕಾಗುತ್ತದೆ.

ಬರೀ ದಂಡದಲ್ಲಿ ಮುಗಿಯುವ ಕ್ಲಾಸ್ ಸಿ ಕೇಸುಗಳು ಮುನಿಸಿಪಲ್ ಅಥವಾ ಜಸ್ಟಿಸ್ ಕೋರ್ಟಿಗೆ ಹೋಗುತ್ತವೆ. ಕ್ಲಾಸ್ ಬಿ ಎಂದರೆ 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಕ್ಲಾಸ್ ಎ ಆದರೆ 1 ವರ್ಷ, 4,000 ಡಾಲರ್. ಕುಡಿದು ಗಾಡಿ ಓಡಿಸಿದ ಮೊದಲ ಕೇಸು ಸಾಮಾನ್ಯವಾಗಿ ಬಿ. ಆಲ್ಕೋಹಾಲ್ ಮಟ್ಟ 0.15 ಮುಟ್ಟಿದರೆ ಎ. ಈ ಎರಡು ದರ್ಜೆಯ ಕೇಸುಗಳಿಗೆ ಇರುವುದು ಕೌಂಟಿ ಕೋರ್ಟ್ ಅಟ್ ಲಾ. ಕೆಲವು ಕೌಂಟಿಗಳಲ್ಲಿ ಅದಕ್ಕೆ ಕೌಂಟಿ ಕ್ರಿಮಿನಲ್ ಕೋರ್ಟ್ ಎಂಬ ಹೆಸರಿದೆ. ಇವಕ್ಕಿಂತ ಗಂಭೀರವಾದ ಅಪರಾಧಗಳಿಗೆ, ಅಂದರೆ ಫೆಲನಿಗಳಿಗೆ, ಡಿಸ್ಟ್ರಿಕ್ಟ್ ಕೋರ್ಟ್.

ಕೇಸು ರಾಶಿ ಬಿದ್ದವೆಂದು ಕೌಂಟಿ ತಾನೇ ಇನ್ನೊಂದು ಕೋರ್ಟು ತೆರೆಯುವಂತಿಲ್ಲ. ರಾಜ್ಯ ಶಾಸಕಾಂಗ ಕಾನೂನು ಮಾಡಬೇಕು. ಅದರ ನಿಯತ ಅಧಿವೇಶನ ಬೆಸ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ. ತಪ್ಪಿದರೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಖರ್ಚಿಗೆ ಹಣ ಕೊಡುವುದು ಕಮಿಷನರ್ಸ್ ಕೋರ್ಟ್. ಹೆಸರಲ್ಲಿ ಕೋರ್ಟ್ ಇದ್ದರೂ ಅದು ಮುಖ್ಯವಾಗಿ ನಮ್ಮ ಜಿಲ್ಲಾ ಪಂಚಾಯಿತಿಯಂಥ ಆಡಳಿತ ಮಂಡಳಿ. ಹೊಸ ಕೌಂಟಿ ಕೋರ್ಟಿನ ಮೊದಲ ಜಡ್ಜನ್ನು ಚುನಾವಣೆಯವರೆಗೆ ನೇಮಿಸುವುದೂ ಅದೇ. ಜಡ್ಜ್ ಒಬ್ಬರು ಬಂದ ಮಾತ್ರಕ್ಕೆ ರಾಶಿ ಕರಗದು: ಪ್ರಾಸಿಕ್ಯೂಟರು, ಕಲಾಪ ಬರೆದುಕೊಳ್ಳುವ ಕೋರ್ಟ್ ರಿಪೋರ್ಟರು, ಲ್ಯಾಬಿನಿಂದ ರಕ್ತದ ವರದಿ, ಎಲ್ಲವೂ ಹೊಂದಿ ಬರಬೇಕು.

ಹೊಸ ಕೋರ್ಟು ಶುರುವಾದಾಗ ಹಳೆಯ ಕೋರ್ಟುಗಳ ಕೇಸುಗಳಲ್ಲಿ ಒಂದಷ್ಟನ್ನು ಅಲ್ಲಿಗೆ ವರ್ಗಾಯಿಸುತ್ತಾರೆ. ಎಡವಟ್ಟಾಗುವುದು ಇಲ್ಲೇ. ನೋಟಿಸು ಹಳೆಯ ಅಪಾರ್ಟ್‌ಮೆಂಟಿನ ವಿಳಾಸಕ್ಕೆ ಹೋಗುತ್ತದೆ, ನೀವು ಹಳೆಯ ಕೋರ್ಟಿನ ಬಾಗಿಲಲ್ಲಿ ಕೂತಿರುತ್ತೀರಿ, ಹೊಸ ಕೋರ್ಟಿನಲ್ಲಿ ನಿಮ್ಮ ಹೆಸರು ಕೂಗಿ ವಾರಂಟ್ ಹೊರಡುತ್ತದೆ. ಜಾಮೀನಿನ ಹಣ ಮುಟ್ಟುಗೋಲಾಗಬಹುದು. ಬೇಕೆಂದೇ ಹಾಜರಾಗದಿದ್ದರೆ ಅದೇ ಪ್ರತ್ಯೇಕ ಕ್ಲಾಸ್ ಎ ಅಪರಾಧ. ಮನೆ ಬದಲಿಸಿದ ದಿನವೇ ವಕೀಲರಿಗೂ ಕ್ಲರ್ಕಿಗೂ ಜಾಮೀನು ಕೊಟ್ಟವರಿಗೂ ವಿಳಾಸ ತಿಳಿಸಿ. ವಾಯಿದೆಗೆ ಒಂದು ವಾರ ಮೊದಲು ಕೌಂಟಿಯ ವೆಬ್‌ಸೈಟಿನಲ್ಲಿ ಕಾಸ್ ನಂಬರ್ (ನಿಮ್ಮ ಕೇಸಿನ ಸಂಖ್ಯೆ) ಹಾಕಿ ಕೋರ್ಟಿನ ಸಂಖ್ಯೆ ನೋಡಿ, ಹಿಂದಿನ ಸಂಜೆ ಮತ್ತೊಮ್ಮೆ ನೋಡಿ.

ಬೇಗ ಮುಗಿಯಲಿ ಎಂದು ಡಿಫರ್ಡ್ ಅಡ್ಜುಡಿಕೇಷನ್‌ಗೆ, ಅಂದರೆ ತೀರ್ಪು ಮುಂದೂಡಿ ಪ್ರೊಬೇಷನ್ ಎಂಬ ನಿಗಾದಲ್ಲಿಡುವ ವ್ಯವಸ್ಥೆಗೆ, ಒಪ್ಪುವವರು ಬಹಳ. ಟೆಕ್ಸಸ್ ಅದನ್ನು ಶಿಕ್ಷೆಯೆಂದು ದಾಖಲಿಸದಿದ್ದರೂ ತಪ್ಪೊಪ್ಪಿಕೊಂಡು ಪ್ರೊಬೇಷನ್ ಪಡೆದಿದ್ದರೆ ಇಮಿಗ್ರೇಷನ್ ಕಾನೂನಿಗೆ ಅದು ಶಿಕ್ಷೆಯೇ. ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನೂ ಕೇಳಲೇಬೇಕು.

ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಅಮಾನತನ್ನು ಪ್ರಶ್ನಿಸುವ ಗಡುವಿಗೂ ಕೋರ್ಟಿನ ವಾಯಿದೆಗೂ ಸಂಬಂಧವಿಲ್ಲ. ಅಮಾನತಿನ ನೋಟಿಸನ್ನು ಪೊಲೀಸರು ಕೈಗೆ ಕೊಟ್ಟ 15 ದಿನದೊಳಗೆ ವಿಚಾರಣೆ ಕೇಳಿ ಅರ್ಜಿ ಹಾಕಿರಬೇಕು, ಕೇಸು ಯಾವ ಕೋರ್ಟಿನಲ್ಲೇ ಇರಲಿ.