ಮೈಗೆ ಹೊಂದುವ ಕೋವಿ: ಕ್ಲೇ ಶೂಟಿಂಗ್ ಕಲಿತ ನನ್ನ ಅನುಭವ

ಕ್ಲೇ ಶೂಟಿಂಗ್, ಅಂದರೆ ಗಾಳಿಯಲ್ಲಿ ಹಾರುವ ಬಿಲ್ಲೆಗೆ ಕೋವಿಯಿಂದ ಹೊಡೆಯುವ ಆಟ, ಕಲಿಯಲು ಮನಸ್ಸು ಮಾಡಿದವರು ಮೊದಲು ಕೇಳುವ ಪ್ರಶ್ನೆ, "ಯಾವ ಕೋವಿ ಕೊಳ್ಳಲಿ?" ಎಂಬುದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಮೊದಲು ಕೋಚ್, ನಂತರ ಕಣ್ಣಿನ ಪರೀಕ್ಷೆ, ಅದಾದ ಮೇಲೆ ಮೈಯ ಅಳತೆ. ಇಷ್ಟೂ ಮುಗಿದ ಮೇಲೆ ಅಂಗಡಿ. ಇಂಗ್ಲೆಂಡಿನ ಸರ್ರೆಯಲ್ಲಿ ನಾನು ಇದೇ ಕ್ರಮದಲ್ಲಿ ಕಲಿತೆ. ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಅಂಗಡಿಯಲ್ಲಿ ಸಾಲಾಗಿ ನಿಂತಿರುವ ಕೋವಿಗಳಲ್ಲಿ ಹೆಚ್ಚಿನವು ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ನಮ್ಮ ಮನೆಯ ಕೋವಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ ಬಂದದ್ದು. ಯಾರ ತೋಳು ಉದ್ದ, ಯಾರ ಕತ್ತು ಗಿಡ್ಡ ಎಂದು ನೋಡಿ ಅದನ್ನು ಯಾರೂ ತಿದ್ದಿಸಲಿಲ್ಲ. ನಿಂತಲ್ಲೇ ಇರುವ ತೆಂಗಿನಕಾಯಿಗೆ ಅದು ಸಾಕಾಗುತ್ತಿತ್ತು. ಕತ್ತನ್ನು ಹೇಗಾದರೂ ಬಗ್ಗಿಸಿ ಗುರಿ ಹಿಡಿಯಲು ಸಮಯವಿರುತ್ತದೆ. ಕ್ಲೇ ಎಂಬುದು 110 ಮಿಲಿಮೀಟರ್ ಅಗಲದ, ಯಂತ್ರ ಚಿಮ್ಮಿಸುವ ಬಿಲ್ಲೆ. ಅದು ಕಣ್ಣೆದುರು ಹಾದುಹೋಗುವ ಕ್ಷಣದಲ್ಲಿ ಕತ್ತು ಸರಿಪಡಿಸಿಕೊಳ್ಳುವುದಕ್ಕೆ ಪುರುಸೊತ್ತು ಎಲ್ಲಿ?

ಇಂಗ್ಲೆಂಡಿನಲ್ಲಿ ಕೋವಿ ಇಟ್ಟುಕೊಳ್ಳಲು ಪೊಲೀಸರು ಕೊಡುವ ಪ್ರಮಾಣಪತ್ರ ಬೇಕು. ಆದರೆ ಕಲಿಯಲು ಅದಕ್ಕಾಗಿ ಕಾಯಬೇಕಿಲ್ಲ. 1968ರ ಫೈರ್‌ಆರ್ಮ್ಸ್ ಕಾಯ್ದೆಯ ವಿನಾಯಿತಿಯಂತೆ, ಪೊಲೀಸ್ ಮುಖ್ಯಸ್ಥರ ಅನುಮತಿ ಇರುವ ಮೈದಾನದಲ್ಲಿ ಕ್ಲೇಗಳಿಗೆ ಹೊಡೆಯುವವರಿಗೆ ಪ್ರಮಾಣಪತ್ರ ಬೇಕಾಗುವುದಿಲ್ಲ. ಕೋವಿ, ತೋಟಾ, ಕಿವಿಗೆ ರಕ್ಷಣೆ, ಕನ್ನಡಕ ಎಲ್ಲವನ್ನೂ ಮೈದಾನದವರೇ ಕೊಡುತ್ತಾರೆ. ಇಲ್ಲಿನ ಕ್ಲೇ ಶೂಟಿಂಗ್ ಸಂಸ್ಥೆ ಸಿಪಿಎಸ್‌ಎ ತರಬೇತಿ ಪಡೆದ ಕೋಚ್‌ಗಳಿಗೆ ಅರ್ಹತೆ ನೀಡುತ್ತದೆ. ನಾನು ಹುಡುಕಿದ್ದು ಅಂಥವರನ್ನು. ಹುಟ್ಟುಹಬ್ಬಕ್ಕೆಂದು ಗುಂಪಾಗಿ ಹೋಗಿ ಸರದಿಯಲ್ಲಿ ಹೊಡೆದು ಬರುವ ಕಾರ್ಯಕ್ರಮಗಳು ಮೋಜಿಗೆ ಸರಿ, ಕಲಿಕೆಗೆ ಅಲ್ಲ. ಒಬ್ಬರಿಗೆ ಒಬ್ಬರೇ ಕೋಚ್ ಇರುವ ಒಂದು ಗಂಟೆಯ ಪಾಠಕ್ಕೆ ಹೆಚ್ಚು ಹಣ ಕೊಡುವುದೇ ಮೇಲು.

ಫೋನಿನಲ್ಲಿ ನಾನು ಪ್ರತಿ ಕೋಚ್‌ಗೂ ಎರಡು ಪ್ರಶ್ನೆ ಕೇಳುತ್ತಿದ್ದೆ. ಮೊದಲ ತೋಟಾ ಹೊಡೆಯುವ ಮುನ್ನ ನನ್ನ ಕಣ್ಣು ನೋಡುತ್ತೀರಾ? ಬೇರೆ ಬೇರೆ ಅಳತೆಯ ಕೋವಿಗಳು ನಿಮ್ಮಲ್ಲಿ ಇವೆಯೇ? "ಎಲ್ಲರಿಗೂ ಒಂದೇ ಕೋವಿ, ಏನೂ ತೊಂದರೆಯಿಲ್ಲ" ಎಂದವರ ಹತ್ತಿರ ನಾನು ಹೋಗಲಿಲ್ಲ.

ಕಣ್ಣಿನ ಪರೀಕ್ಷೆ ಒಂದು ನಿಮಿಷದ ಕೆಲಸ. ಎರಡೂ ಕೈಗಳನ್ನು ಮುಂದೆ ಚಾಚಿ, ಹೆಬ್ಬೆರಳು ಬೆರಳುಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ಅದರೊಳಗಿಂದ ಕೋಚ್ ಅವರ ಮೂಗನ್ನು ನೋಡಬೇಕು. ಕಿಂಡಿಯಲ್ಲಿ ಯಾವ ಕಣ್ಣು ಅವರಿಗೆ ಕಾಣುತ್ತದೆಯೋ ಅದೇ ಪ್ರಬಲ ಕಣ್ಣು. ನಾನು ಬಲಗೈಯವಳು, ಕಂಡದ್ದು ಎಡಗಣ್ಣು. ಹೀಗಿದ್ದರೆ ಬಲ ಭುಜದಲ್ಲಿ ಇಟ್ಟ ಕೋವಿ ಎಡಗಣ್ಣಿನ ನೋಟವನ್ನು ಹಿಂಬಾಲಿಸಿ ಎಡಕ್ಕೆ ಎಳೆಯುತ್ತದೆ. ಮಾರ್ಗಗಳು ಮೂರು: ಎಡ ಭುಜಕ್ಕೆ ಬದಲಾಯಿಸುವುದು, ಹೊಡೆಯುವಾಗ ಎಡಗಣ್ಣು ಮುಚ್ಚುವುದು, ಇಲ್ಲವೇ ಕನ್ನಡಕದ ಎಡ ಗಾಜಿಗೆ ಪುಟ್ಟ ಮಸುಕು ಟೇಪ್ ಅಂಟಿಸುವುದು. ನಾನು ಟೇಪನ್ನು ಆರಿಸಿಕೊಂಡೆ. ಅದು ಉಗುರಿನಷ್ಟೇ ಅಗಲ. ಕೆನ್ನೆ ಕೋವಿಗೆ ತಾಗಿದಾಗ ಮಾತ್ರ ಎಡಗಣ್ಣಿಗೆ ನಳಿಗೆಯ ತುದಿ ಮರೆಯಾಗುತ್ತದೆ, ಉಳಿದಂತೆ ಆಕಾಶವೆಲ್ಲ ಎರಡೂ ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ಇನ್ನು ಅಳತೆ. ರೈಫಲ್ಲಿಗೆ ಹಿಂದೊಂದು ಮುಂದೊಂದು ಗುರಿಕಟ್ಟು ಇರುತ್ತದೆ. ಕ್ಲೇಗೆ ಬಳಸುವ, ಒಂದೇ ಹೊಡೆತಕ್ಕೆ ಸಣ್ಣ ಗುಂಡುಗಳ ಗುಚ್ಛ ಚಿಮ್ಮಿಸುವ ಶಾಟ್‌ಗನ್ನಿಗೆ ಹಿಂದಿನದು ಇಲ್ಲ. ಹೊಡೆಯುವವರ ಕಣ್ಣೇ ಆ ಜಾಗದಲ್ಲಿ ಕೂರುತ್ತದೆ. ಕಣ್ಣು ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವುದು ಹಿಂದಿನ ಮರದ ಭಾಗ, ಅಂದರೆ ಸ್ಟಾಕ್. ಅದು ಉದ್ದವಾದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕೆನ್ನೆ ಒರಗುವ ಮೇಲಂಚು ತಗ್ಗಾದರೆ ಕಣ್ಣು ಕೆಳಗಿಳಿದು ಹೊಡೆತವೂ ಕೆಳಗೆ ಹೋಗುತ್ತದೆ. ಸ್ಟಾಕಿನ ತಳದ ಚೂಪು ತುದಿ ಎದೆಗೆ ಚುಚ್ಚುವುದು ಹೆಂಗಸರಿಗೆ ಗೊತ್ತಿರುವ ನೋವು. ತಳದ ಓರೆಯನ್ನು ತುಸು ಬದಲಿಸಿದರೆ ಅದು ನಿಲ್ಲುತ್ತದೆ. ಭುಜ ನೀಲಿಗಟ್ಟುವುದನ್ನು ಸಹಿಸಿಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊಣಕೈ ಮಡಚಿ, ಅದರ ಒಳಬಾಗಿಗೆ ಸ್ಟಾಕಿನ ತಳ ಇಟ್ಟು, ಬೆರಳು ಟ್ರಿಗರ್‌ಗೆ ಮುಟ್ಟಿದರೆ ಅಳತೆ ಸರಿ ಎನ್ನುವ ರೂಢಿ ಅಂಗಡಿಗಳಲ್ಲಿ ಇದೆ. ನನ್ನ ಕೋಚ್ ಅದನ್ನು ಒಪ್ಪಲಿಲ್ಲ. ಕತ್ತು, ಕೆನ್ನೆಯೆಲುಬು, ಎದೆ ಯಾವುದೂ ಆ ಅಳತೆಯಲ್ಲಿ ಬರುವುದಿಲ್ಲ ಎಂದರು. ಅವರು ತಂದದ್ದು ಸ್ಟಾಕಿಗೆ ಕೀಲು, ತಿರುಪು ಜೋಡಿಸಿದ ಟ್ರೈ ಗನ್. ಅದರ ಉದ್ದ, ಎತ್ತರ, ಓರೆ ಎಲ್ಲವನ್ನೂ ತಿರುಗಿಸಿ ಬದಲಿಸಬಹುದು. 16 ಗಜ ದೂರದಲ್ಲಿ ಬಿಳಿ ಬಳಿದ ಉಕ್ಕಿನ ಫಲಕ, ನಡುವೆ ಒಂದು ಕಪ್ಪು ಚುಕ್ಕೆ. "ಗುರಿ ಹಿಡಿಯಬೇಡಿ. ಚುಕ್ಕೆಯನ್ನು ನೋಡಿ, ಕೋವಿ ಎತ್ತಿ, ಹೊಡೆಯಿರಿ" ಎಂದರು. ಬಿಳಿಯ ಮೇಲೆ ಬೂದು ಚುಕ್ಕಿಗಳ ಗುಚ್ಛ ಮೂಡಿತು. ಮತ್ತೆ ಬಳಿದು ಮತ್ತೆ ಹೊಡೆದರೂ ಗುಚ್ಛದ ನಡುಭಾಗ ಚುಕ್ಕೆಗಿಂತ ಮೂರು ಅಂಗುಲ ಕೆಳಗೇ ಬೀಳುತ್ತಿತ್ತು. ಆ ದೂರದಲ್ಲಿ ಫಲಕದ ಒಂದು ಅಂಗುಲವೆಂದರೆ ಸ್ಟಾಕಿನಲ್ಲಿ 1/16 ಅಂಗುಲ. ಮೇಲಂಚನ್ನು 3/16 ಅಂಗುಲ ಎತ್ತರಿಸಿದರು, ಗುಚ್ಛ ಚುಕ್ಕೆಗೇ ಬಂತು. ನನ್ನ ಕೈಯಲ್ಲಾಗಲಿ ಕಣ್ಣಿನಲ್ಲಾಗಲಿ ಏನೂ ಬದಲಾಗಿರಲಿಲ್ಲ. ಅರ್ಧ ಸೆಂಟಿಮೀಟರಿಗೂ ಕಡಿಮೆ ಮರಕ್ಕೆ ಇಷ್ಟು ಶಕ್ತಿಯಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ, ಅಳತೆಯಿಲ್ಲದ ಕೋವಿಯಲ್ಲಿ ಕಲಿಯಲು ಒದ್ದಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎಷ್ಟೋ ಜನ "ನಮಗೆ ಇದು ಬರುವುದಿಲ್ಲ" ಎಂದುಕೊಂಡು ಬಿಟ್ಟುಬಿಡುತ್ತಾರೆ.

ಕಾಗದದ ಮೇಲೆ ಬರೆದುಕೊಟ್ಟ ಅಳತೆಯಲ್ಲಿ ಸ್ಟಾಕಿನ ಉದ್ದ 13¾ ಅಂಗುಲ ಇತ್ತು. ಅಂಗಡಿಯ ಕೋವಿಗಳು ಸಾಮಾನ್ಯವಾಗಿ 14½ರಿಂದ 14¾ ಅಂಗುಲ ಇರುತ್ತವೆ.

ಹೆಂಗಸರಿಗೆ ಹಗುರವಾದ 20 ಬೋರ್ (12 ಬೋರಿಗಿಂತ ಸಣ್ಣ ನಳಿಗೆಯ ಕೋವಿ) ಕೊಡಿ ಎನ್ನುವ ಮಾತನ್ನೂ ಎಚ್ಚರದಿಂದ ಕೇಳಬೇಕು. ಒಂದೇ ತೂಕದ ಗುಂಡಿನ ತೋಟಾ ಹಾಕಿದರೆ ಹಗುರ ಕೋವಿಯೇ ಭುಜವನ್ನು ಹೆಚ್ಚು ಒದೆಯುತ್ತದೆ. ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವ 12 ಬೋರಿಗೆ 21 ಗ್ರಾಂ ಗುಂಡಿನ ತೋಟಾ ಹಾಕಿ ನನ್ನ ಪಾಠಗಳು ನಡೆದವು. ಒದೆತ ಮೃದುವಾಗಿತ್ತು, ನಳಿಗೆಯ ತೂಕದಿಂದಾಗಿ ತೋಳಿನ ತಿರುವು ನಡುವೆ ನಿಂತುಹೋಗುತ್ತಿರಲಿಲ್ಲ. ಕ್ಲೇ ಎದುರಿಗೆ ನಿಧಾನವಾಗಿ ಬರುವ ಜಾಗದಿಂದ ಆರಂಭಿಸಿ, ಅಡ್ಡ ಹಾಯುವವುಗಳಿಗೆ ಆಮೇಲೆ ಹೋದೆವು.

ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದು ಪಾಠಗಳ ನಡುವೆ. ವೈದ್ಯರಿಂದ ಮಾಹಿತಿ, ಮನೆಗೆ ಪೊಲೀಸ್ ಇಲಾಖೆಯವರ ಭೇಟಿ, ಗೋಡೆಗೆ ಬಿಗಿದ ಉಕ್ಕಿನ ಕಪಾಟು, ಇವೆಲ್ಲ ಆಗಬೇಕು. ಪತ್ರ ಐದು ವರ್ಷ ನಡೆಯುತ್ತದೆ. ಅದು ಕೈಗೆ ಬರುವವರೆಗಿನ ಕಾಲ ಕಲಿಯುವುದಕ್ಕೆ ಚೆನ್ನಾಗಿ ಒದಗಿತು.

ಕೊನೆಗೆ ಕೊಂಡದ್ದು ಒಬ್ಬರು ಬಳಸಿದ, ಮೇಲೊಂದು ಕೆಳಗೊಂದು ನಳಿಗೆಯ 12 ಬೋರ್. ಹೊಸದಕ್ಕೆ ಕೊಡಬೇಕಿದ್ದ ಹಣದಲ್ಲಿ ಉಳಿದದ್ದು ಕುಶಲಕರ್ಮಿಯ ಕೂಲಿಗೆ ಸಾಕಾಯಿತು. ಅವರು ಸ್ಟಾಕನ್ನು ಅಳತೆಗೆ ಕತ್ತರಿಸಿ, ಮೇಲಂಚಿಗೆ ಎತ್ತರ ತಗ್ಗು ಮಾಡುವ ತಿರುಪು ಕೂರಿಸಿ, ತಳಕ್ಕೆ ರಬ್ಬರ್ ಪ್ಯಾಡ್ ಹಾಕಿಕೊಟ್ಟರು. ಕತ್ತರಿಸಿದ ಮರದ ತುಂಡನ್ನು ಕೇಳಿ ಪಡೆದುಕೊಳ್ಳಿ. ಮುಂದೆ ಮಾರುವಾಗ ಎತ್ತರದವರಿಗೆ ಅದನ್ನೇ ಮತ್ತೆ ಕೂರಿಸಲು ಬರುತ್ತದೆ, ಮರದ ಗೆರೆಯೂ ಹೊಂದುತ್ತದೆ. ಪ್ಯಾಡನ್ನು ಎರಡು ದಪ್ಪದಲ್ಲಿ ಮಾಡಿಸಿದ್ದೇನೆ: ಬೇಸಿಗೆಯ ತೆಳು ಅಂಗಿಗೆ ದಪ್ಪದ್ದು, ಜನವರಿಯ ಜಾಕೆಟ್ಟಿಗೆ ತೆಳುವಾದದ್ದು.