ಸಹವಸತಿಗೆ ಸೇರುವ ಮುನ್ನ ಮತ್ತು ಸೇರಿದ ಮೇಲೆ

ಬೆಂಗಳೂರು, ಮೈಸೂರುಗಳ ಹಳೆಯ ವಠಾರದಲ್ಲಿ ಬೆಳೆದವರಿಗೆ ಸಹವಸತಿ, ಅಂದರೆ ಕೋಹೌಸಿಂಗ್, ಅಷ್ಟೇನೂ ಹೊಸತೆನಿಸುವುದಿಲ್ಲ. ಆದರೆ ವಠಾರದವರು ನಲ್ಲಿ, ಬಚ್ಚಲು, ಅಂಗಳಗಳನ್ನು ಹಂಚಿಕೊಂಡದ್ದು ಬೇರೆ ದಾರಿಯಿಲ್ಲದೆ. ಅಲ್ಲಿ ಕೊನೆಯ ಮಾತು ಮಾಲೀಕರದು. ಸಹವಸತಿಯಲ್ಲಿ ಪ್ರತಿ ಕುಟುಂಬಕ್ಕೂ ಅಡುಗೆಮನೆ ಸಹಿತ ಪೂರ್ಣ ಮನೆಯಿದ್ದು, ಅದರ ಜೊತೆಗೆ ಎಲ್ಲರಿಗೂ ಸೇರಿದ ಊಟದ ಹಾಲ್, ತೋಟ, ಅತಿಥಿ ಕೊಠಡಿಗಳಿರುತ್ತವೆ.

ಜಾಗ ನೋಡುವಾಗಲೇ ಸುತ್ತಲಿನ ಊರಿನವರೊಡನೆ ಮಾತನಾಡಿ. ಡೆನ್ಮಾರ್ಕಿನಲ್ಲಿ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್ ಹೋಯರ್ 1960ರ ದಶಕದಲ್ಲಿ ಗೆಳೆಯರೊಡನೆ ಕೈಗೊಂಡ ಮೊದಲ ಪ್ರಯತ್ನವು ಅಕ್ಕಪಕ್ಕದವರ ವಿರೋಧದಿಂದಲೇ ನಿಂತುಹೋಯಿತು. ಆ ದೇಶದ ಮೊದಲ ಸಹವಸತಿ ಸೆಟ್ಟೆಡಾಮೆನ್‌ನಲ್ಲಿ ಜನ ನೆಲೆಸಿದ್ದು 1972ರಲ್ಲಿ. ಕಾರುಗಳನ್ನು ಆವರಣದ ಅಂಚಿನಲ್ಲೇ ನಿಲ್ಲಿಸಿ, ಅಡುಗೆಮನೆಯ ಕಿಟಕಿಯನ್ನು ಎಲ್ಲರೂ ಓಡಾಡುವ ದಾರಿಯತ್ತ ಇಟ್ಟು, ಹಿತ್ತಿಲನ್ನು ಮಾತ್ರ ಮರೆಯಲ್ಲಿ ಉಳಿಸಿಕೊಳ್ಳುವುದು ಅಲ್ಲಿಂದ ಬಂದ ಕ್ರಮ. 1991ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆರಂಭವಾದ ಮ್ಯೂರ್ ಕಾಮನ್ಸ್‌ನಲ್ಲಿ 26 ಮನೆಗಳಿವೆ. ಅದಕ್ಕಿಂತ ಬಹಳ ಹೆಚ್ಚಾದರೆ ಹೆಸರು ಹಿಡಿದು ಕರೆಯುವ ಬಳಕೆ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಗದಪತ್ರದಲ್ಲಿ ಸ್ನೇಹಕ್ಕೆ ಎಡೆಯಿಲ್ಲ. ಕೃಷಿ ಜಮೀನಾದರೆ ಭೂಪರಿವರ್ತನೆಯನ್ನು ಮೊದಲು ವಿಚಾರಿಸಿ. ಫ್ಲ್ಯಾಟ್‌ಗಳ ರೂಪದಲ್ಲಿ ಕಟ್ಟಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ (ಯಾವ ಭಾಗ ಯಾರ ಸ್ವಂತ, ಯಾವುದು ಎಲ್ಲರದು ಎಂದು ತಿಳಿಸುವ ದಾಖಲೆ) ನೋಂದಾಯಿಸಿದರೆ, ಸಾಮೂಹಿಕ ಜಾಗವು ಅವಿಭಕ್ತವಾಗಿ ಉಳಿಯುತ್ತದೆ. ಮುನಿಸಿಕೊಂಡವರು ತಮ್ಮ ಪಾಲಿನ ತೋಟವನ್ನು ಕತ್ತರಿಸಿ ಕೊಡಿ ಎಂದು ಕೇಳಲಾಗದು.

ಇನ್ನು ಸಾಮೂಹಿಕ ಅಡುಗೆಮನೆ. ಜಗಳ ಹುಟ್ಟುವುದೂ ಅಲ್ಲೇ, ಅದು ಆರುವುದೂ ಅಲ್ಲೇ. ಮಾಂಸ ಬೇಯಿಸುವ ಪಾತ್ರೆ ಬೇರೆಯೇ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಯಾವ ದಿನ, ಉಳಿದ ಸಾರು ಯಾರ ಮನೆಗೆ ಎಂಬುದನ್ನು ಸೇರುವ ಮೊದಲೇ ಸಂಕೋಚವಿಲ್ಲದೆ ಮಾತನಾಡಿ ಬರೆದಿಡಿ. ಇಲ್ಲಿ ಜಾತಿಯ ಮಡಿ ಮೆಲ್ಲಗೆ ಒಳನುಸುಳುವುದನ್ನೂ ಗಮನಿಸಿ. ವಾರಕ್ಕೆ ಎರಡು ರಾತ್ರಿಯ ಊಟ ಸಾಕು. 24 ಮಂದಿ ದೊಡ್ಡವರಿದ್ದು, ಒಂದು ಊಟಕ್ಕೆ ಇಬ್ಬರಂತೆ ಸರದಿ ಹಾಕಿದರೆ, ಒಬ್ಬರ ಪಾಲಿಗೆ ಆರು ವಾರಕ್ಕೊಮ್ಮೆ ಅಡುಗೆ ಬರುತ್ತದೆ. ಅಡುಗೆ ಮಾಡಿದವರೇ ತೊಳೆಯಬೇಕೆಂದು ಬಿಡಬೇಡಿ, ತೊಳೆಯುವುದಕ್ಕೂ ಪ್ರತ್ಯೇಕ ಸರದಿ ಇರಲಿ. ನಮ್ಮಲ್ಲಿ ಒಮ್ಮೆ ಗ್ರೈಂಡರಿನ ಕಲ್ಲಿಗೆ ದೋಸೆ ಹಿಟ್ಟು ಎರಡು ದಿನ ಅಂಟಿಕೊಂಡೇ ಒಣಗಿತ್ತು. ರುಬ್ಬಿದವರಿಗೆ ‘ಬಡಿಸಿದವರು ತೊಳೆದಿರುತ್ತಾರೆ’ ಎಂಬ ನಂಬಿಕೆ, ಬಡಿಸಿದವರಿಗೆ ‘ಅದು ರುಬ್ಬಿದವರ ಕೆಲಸವಲ್ಲವೇ’ ಎಂಬ ಸಿಟ್ಟು. ಅಂದಿನಿಂದ ಸರದಿ ಪಟ್ಟಿಯಲ್ಲಿ ‘ಪಾತ್ರೆ’ಯ ಪಕ್ಕದಲ್ಲಿ ‘ಗ್ರೈಂಡರ್’ ಎಂದೂ ಬರೆದಿದ್ದೇವೆ.

ಸಭೆಯಲ್ಲಿ ಎಲ್ಲರ ಒಪ್ಪಿಗೆಗೆ ಪ್ರಯತ್ನಿಸುವುದು ಒಳ್ಳೆಯದು, ಆದರೆ ಎರಡು ಸಭೆಗಳಲ್ಲೂ ಇತ್ಯರ್ಥವಾಗದ ವಿಷಯ ಮತಕ್ಕೆ ಹೋಗಲಿ ಎಂಬ ನಿಯಮವಿರಲಿ. ಇಲ್ಲವಾದರೆ ನೀರಿನ ಪಂಪ್ ಕೆಟ್ಟೇ ಇರುತ್ತದೆ. ಮೈಕೈ ನೋವಿರುವ ಹಿರಿಯರಿಗೆ ತೋಟ ಅಗೆಯುವ ಬದಲು ಲೆಕ್ಕಪತ್ರ ವಹಿಸಿ.

ಮುಂಬಾಗಿಲು ತೆರೆದಿದ್ದರೆ ಬನ್ನಿ ಎಂದರ್ಥ, ಮುಚ್ಚಿದ್ದರೆ ಫೋನ್ ಮಾಡಿ ಬರಬೇಕು ಎಂಬ ಒಪ್ಪಂದ ನಮ್ಮಲ್ಲಿದೆ. ಮೊದಮೊದಲು ಬಾಗಿಲು ಮುಚ್ಚಲು ಎಲ್ಲರಿಗೂ ಮುಜುಗರವಾಗುತ್ತಿತ್ತು. ಹೊಸದಾಗಿ ಬಂದವರು ಮೊದಲ ವಾರವೇ ಒಂದು ಸಂಜೆ ಅದನ್ನು ಮುಚ್ಚಿ ಅಭ್ಯಾಸ ಮಾಡಿಕೊಳ್ಳಲಿ.