ಕಣ್ಣೊಳಗಿನ ಬಿಳಿ ನೂಲು

"ಡಾಕ್ಟ್ರೇ, ಇದರ ಕಣ್ಣಲ್ಲಿ ಬಿಳಿ ನೂಲು ಓಡ್ತಾ ಉಂಟು."

ಪುತ್ತೂರು ಕಡೆಯ ಅಡಿಕೆ ತೋಟದ ನಾಯಿ. ಎಡಗಣ್ಣು ನೀಲಿಗಟ್ಟಿತ್ತು, ನೀರು ಸೋರುತ್ತಿತ್ತು. ಟಾರ್ಚ್ ಬಿಟ್ಟು ನೋಡಿದೆ. ಹೊಲಿಗೆ ದಾರದಷ್ಟು ತೆಳ್ಳಗಿನ ಹುಳ ಕರಿಗುಡ್ಡೆಯ ಮುಂದಿನ ನೀರಿನಲ್ಲಿ ಸುತ್ತಿಕೊಳ್ಳುತ್ತಾ, ಬಿಚ್ಚಿಕೊಳ್ಳುತ್ತಾ ಈಜುತ್ತಿತ್ತು. ಬೆಳಕು ಜಾಸ್ತಿಯಾದಂತೆ ಪಾಪೆಯ ತೂತಿನೊಳಗೆ ನುಗ್ಗಿ ಮಾಯವಾಯಿತು!

ರೆಪ್ಪೆಯಡಿ ಸೇರುವ ಥೆಲೇಜಿಯಾ ಹುಳ ಬೇರೆ. ಅದನ್ನು ನೊಣ ತರುತ್ತದೆ. ಮರಗಟ್ಟುವ ಡ್ರಾಪ್ಸ್ ಹಾಕಿ, ಸಲೈನ್‌ನಲ್ಲಿ ತೊಳೆದು ಚಿಮಟದಲ್ಲಿ ಎತ್ತಿದರೆ ಆಯಿತು. ಇದು ಗುಡ್ಡೆಯ ಒಳಗೇ ಇತ್ತು. ಒಂದು ಹನಿ ರಕ್ತ ತೆಗೆದು ಸ್ಲೈಡ್ ಮೇಲಿಟ್ಟೆ. ಮರಿಹುಳಗಳು ರಕ್ತಕಣಗಳನ್ನು ತಳ್ಳಿಕೊಂಡು ಒದ್ದಾಡುತ್ತಿದ್ದವು. ಡೈರೋಫೈಲೇರಿಯಾ ಅನ್ನಿಸಿತು. ಸೊಳ್ಳೆ ಕಚ್ಚಿ ಬರುವ ಜಾತಿ. ನಮ್ಮ ಕರಾವಳಿಯಲ್ಲೂ ಕೇರಳದಲ್ಲೂ ಮನುಷ್ಯರ ಕಣ್ಣಿನಿಂದಲೂ ಇದನ್ನು ತೆಗೆದಿದ್ದಾರೆ.

ನನ್ನ ಮೊದಲ ಕೇಸ್‌ನಲ್ಲಿ ಹುಳ ಸಾಯಲಿ ಅಂತ ಐವರ್‌ಮೆಕ್ಟಿನ್ ಚುಚ್ಚಿದ್ದೆ. ಹುಳ ಸತ್ತಿತು, ಆದರೆ ಸತ್ತದ್ದು ಕಣ್ಣೊಳಗೆ. ಉರಿಯೂತ ಏರಿ ಆ ನಾಯಿಯ ದೃಷ್ಟಿಯೇ ಹೋಯಿತು. ಆಮೇಲಿಂದ ನನ್ನ ಲೆಕ್ಕ ಒಂದೇ: ಹುಳ ಜೀವಂತವಾಗಿ, ಇಡಿಯಾಗಿ ಹೊರಗೆ ಬರಬೇಕು.

ಅದಕ್ಕೆ ಮೊದಲು ಅದು ಹಿಂದೆ ಓಡುವ ದಾರಿ ಮುಚ್ಚಬೇಕು. ಹುಳ ಮುಂದೆ ಬರುವವರೆಗೆ ಮಬ್ಬು ಬೆಳಕಿನಲ್ಲಿ ಸುಮ್ನೆ ಕಾದು ಕೂತೆವು. ಬಂದ ಕೂಡಲೇ ಪೈಲೋಕಾರ್ಪಿನ್ ಡ್ರಾಪ್ಸ್ ಬಿಟ್ಟೆ. ಪಾಪೆ ನಿಧಾನಕ್ಕೆ ಸಾಸಿವೆ ಕಾಳಿನಷ್ಟಾಯಿತು. ಇನ್ನು ನೂಲಿಗೆ ಹಿಂದೆ ಹೋಗಲು ಜಾಗವಿಲ್ಲ. ಆಮೇಲೆಯೇ ಅರಿವಳಿಕೆ.

ಬಿಳಿಗುಡ್ಡೆ, ಕರಿಗುಡ್ಡೆ ಸೇರುವ ಅಂಚಿನಲ್ಲಿ 3 ಮಿಲಿಮೀಟರ್ ಸೀಳಿದೆ. ಒಳಗಿನ ನೀರು ಚಿಮ್ಮಿತು, ಅದರ ಜೊತೆ ಹುಳದ ಅರ್ಧ ಹೊರಬಂತು. ಉಳಿದರ್ಧ ಗಾಯದಲ್ಲಿ ಸಿಕ್ಕಿಕೊಂಡಿತು. ಎಳೆದು ಬಿಡೋಣ ಅಂತ ಕೈ ತುರಿಸುತ್ತದೆ, ಎಳೆಯಬಾರದು. ತುಂಡಾದರೆ ಮತ್ತೆ ಅದೇ ಕಥೆ. ಚಿಮಟದಲ್ಲಿ ಹಿಡಿದು, ಅದು ಸಡಿಲವಾದಾಗ ಮಾತ್ರ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. 6 ಸೆಂಟಿಮೀಟರ್ ಇತ್ತು. ಸಲೈನ್ ಬಟ್ಟಲಲ್ಲಿ ಇನ್ನೂ ಹೊರಳುತ್ತಿತ್ತು.

ಎರಡು ಹೊಲಿಗೆ, ಆಂಟಿಬಯಾಟಿಕ್ ಮತ್ತು ಸ್ಟಿರಾಯ್ಡ್ ಡ್ರಾಪ್ಸ್, ಕೆರೆಯದಂತೆ ಕುತ್ತಿಗೆಗೆ ಕಾಲರ್. ಮೂರು ವಾರದಲ್ಲಿ ನೀಲಿ ತಿಳಿಯಾಯಿತು. ಕಣ್ಣು ತಣಿದ ಮೇಲೆಯೇ ರಕ್ತದ ಮರಿಹುಳಗಳಿಗೆ ಔಷಧಿ ಶುರು ಮಾಡಿದೆ. ಆ ಮನೆಯ ಉಳಿದೆರಡು ನಾಯಿಗಳ ರಕ್ತವನ್ನೂ ನೋಡಿದೆ, ಒಂದರಲ್ಲಿ ಸಿಕ್ಕಿತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ಮಳೆನೀರು ನಿಲ್ಲುತ್ತದಲ್ವಾ, ಸೊಳ್ಳೆಗೆ ಅಷ್ಟು ಸಾಕು. ಅದನ್ನೂ ಹೇಳಿ ಕಳಿಸಿದೆ.

ಹುಳದ ಬಾಟಲಿ ತಮಗೇ ಬೇಕು ಅಂತ ಯಜಮಾನರು ಹಟ ಹಿಡಿದಿದ್ದರು. "ಅಮ್ಮನಿಗೆ ತೋರಿಸ್ಬೇಕು ಡಾಕ್ಟ್ರೇ, ಇಲ್ಲದಿದ್ರೆ ನಂಬುವುದಿಲ್ಲ." ಲ್ಯಾಬ್‌ಗೆ ಕಳಿಸಬೇಕಿತ್ತು, ಕೊಡಲಿಲ್ಲ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋದರು.